ದಾಕ್ಷಾಯಣಿಯ ಕೇಳಿಕೆ

ನಮ್ಮೂರಿನಲ್ಲಿ ತನಗೆ ಬೇಕಾದ್ದನ್ನು ತಾನೇ ಕೇಳಲು ಯಾರಿಗೂ ದನಿ ಬರುವುದಿಲ್ಲ. ಹಾಗಾಗಿ ದಿನಸಿ ಅಂಗಡಿಗೆ ನಾವು ಜೋಡಿಯಾಗಿ ಹೋಗುತ್ತೇವೆ. ನಿಮ್ಮ ಬೆಲ್ಲವನ್ನು ನಾನು ಕೇಳುತ್ತೇನೆ, ನನ್ನ ಉಪ್ಪನ್ನು ನೀವು ಕೇಳುತ್ತೀರಿ. ಊಟಕ್ಕೆ ಕೂತಾಗ ಗಂಡ, "ಅವಳಿಗೆ ಇನ್ನೊಂದು ಸೌಟು ಸಾರು" ಎಂದು ಬಡಿಸುವ ತಾಯಿಗೆ ಹೇಳುತ್ತಾನೆ. ಹೆಂಡತಿ, "ಇವರಿಗೆ ಅನ್ನ" ಎನ್ನುತ್ತಾಳೆ. ಇಬ್ಬರೂ ಮಾತು ಬಿಟ್ಟ ದಿನ ಇಬ್ಬರಿಗೂ ಅರೆಹೊಟ್ಟೆ. ಭಿಕ್ಷುಕರು ಕೂಡ ಇಬ್ಬಿಬ್ಬರಾಗಿಯೇ ಬರುತ್ತಾರೆ. ದೇವರ ಮುಂದೆ ನಿಂತು ಪಕ್ಕದ ಮನೆಯ ಹುಡುಗಿಗೆ ಒಳ್ಳೆಯ ಗಂಡು ಸಿಗಲಪ್ಪಾ ಎಂದು ಬೇಡಿಕೊಳ್ಳುತ್ತೇವೆ. ಪಕ್ಕದ ಮನೆಯವರು ನಮ್ಮ ಮಂಡಿನೋವಿಗೆ ಬೇಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆಯಲ್ಲಿ. ಅವರು ಬೇಡಿಕೊಳ್ಳದಿದ್ದರೆ ಮಂಡಿಯೇ ಹೇಳುತ್ತದೆ.

ಇಂಥ ಊರಿನಲ್ಲಿ ನನ್ನದು ಬಾಯಿಯ ಕಸುಬು. ನಮ್ಮನ್ನು ಬಾಯಿಯವರು ಎನ್ನುತ್ತಾರೆ. ಯಾರಿಗಾದರೂ ಸರ್ಕಾರದಿಂದಲೋ ಸಾಹುಕಾರರಿಂದಲೋ ಏನಾದರೂ ಆಗಬೇಕಿದ್ದರೆ ಅವರ ಪರವಾಗಿ ಕೇಳುವುದು ನಮ್ಮ ಕೆಲಸ. ಕೆಳಗಿನ ಬೀದಿಗೆ ನಲ್ಲಿ ತಂದುಕೊಟ್ಟವನು ನಾನು. ಮಗನ ಕೈಯಿಂದ ಮುದುಕಿಯ ಜಮೀನು ಬಿಡಿಸಿದವನು ನಾನು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು ಎಂದು ನಾನು ನಂಬಿದ್ದೆ. ಭದ್ರಯ್ಯ ಎದ್ದು ನಿಂತ ಎಂದರೆ ಅರ್ಧ ಕೆಲಸ ಆಯಿತು ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳಿದ್ದು ನನಗೆ ಕೇಳಿಸುವಂತೆ ನಾನೂ ಸ್ವಲ್ಪ ಸುತ್ತಾಡುತ್ತಿದ್ದೆ.

ಕಸುಬಿಗೆ ಒಂದೇ ಕಟ್ಟು. ಯಾರ ಪರವಾಗಿ ಕೇಳುತ್ತೇವೋ ಅವರ ಮನೆಯಲ್ಲಿ ನೀರು ಮುಟ್ಟಬಾರದು. "ನೀರು ಕುಡಿದ್ರೆ ನೆಂಟಸ್ತನ. ನೆಂಟಸ್ತನ ಆದ್ರೆ ಅವರದ್ದೂ ನಿಂದೇ ಆಗೋಗುತ್ತೆ. ಆಮೇಲೆ ಗಂಟಲು ಕಟ್ಕೊಂಡು ಕೂತ್ಕೋ" ಎಂದು ನನಗೆ ಕಸುಬು ಕಲಿಸಿದವರು ಹೇಳಿದ್ದರು. ಅದನ್ನು ನಾನು ಚಾಚೂತಪ್ಪದೆ ಪಾಲಿಸಿದ್ದೆ. ಮದುವೆ ಮಾಡಿಕೊಳ್ಳದ ಒಂಟಿಜೀವ, ಪಾಲಿಸುವುದೇನೂ ಕಷ್ಟವಿರಲಿಲ್ಲ.

ದಾಕ್ಷಾಯಣಿ ಒಂದು ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ನನ್ನ ಮನೆಯ ಬಾಗಿಲಲ್ಲಿ ಬಂದು ನಿಂತಳು. ನಮ್ಮೂರಿನಲ್ಲಿ ಬಾಗಿಲಲ್ಲಿ ಸುಮ್ಮನೆ ನಿಲ್ಲುವುದಕ್ಕೆ ಒಂದೇ ಅರ್ಥ. ಅವಳನ್ನು ನಾನು ನೋಡಿದ್ದೆ. ಎಣ್ಣೆ ಗಿರಣಿಯಲ್ಲಿ ಕೆಲಸ ಮಾಡುವ ರುದ್ರೇಶನ ಹೆಂಡತಿ, ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಮಗಳು ಚಂಪಾಗೆ ಎಂಟು ವರ್ಷವಾಗಿದ್ದರೂ ಕೂರಲು ಬಾರದು, ಕುತ್ತಿಗೆ ನಿಲ್ಲದು, ಮಾತಿಲ್ಲ. ಉದ್ದುದ್ದ ಕಾಲುಗಳು ಅಮ್ಮನ ಸೊಂಟದಿಂದ ಮಂಡಿಯವರೆಗೆ ಜೋತುಬಿದ್ದಿದ್ದವು. ನಾನು ಬೇಕೆಂದೇ ತಡಮಾಡಿದೆ, ಎಲೆಅಡಿಕೆ ಹಾಕಿಕೊಂಡೆ. ಅವಳು ಕದಲಲಿಲ್ಲ. ಕೊನೆಗೆ ಅವಳ ತೋಳು ನಡುಗುವುದು ನೋಡಿ ನಾನೇ, "ಒಳಗೆ ಬಾರಮ್ಮ" ಎಂದೆ.

ವಿಷಯ ನನಗೆ ಗೊತ್ತಿದ್ದದ್ದೇ. ಸುಗ್ಗಿ ಮುಗಿದ ಮೇಲೆ ಖಜಾನೆಯ ಅಧಿಕಾರಿ ರಾಜಧಾನಿಯಿಂದ ಬಂದು ಪುರಭವನದಲ್ಲಿ ಕೂರುತ್ತಾರೆ. ಅದು ಕೇಳಿಕೆಯ ದಿನ. ಬಾಯಿಬಿಟ್ಟು ಕೇಳಿದ್ದಕ್ಕೆ ಮಾತ್ರ ಸರ್ಕಾರ ದುಡ್ಡು ಕೊಡುತ್ತದೆ. ಕೇಳದ್ದನ್ನು ಕೊಡುವ ಅಧಿಕಾರ ತಮಗಿಲ್ಲ ಎಂದು ಅವರು ಪ್ರತಿವರ್ಷ ಶುರುವಿನಲ್ಲೇ ಹೇಳಿಬಿಡುತ್ತಾರೆ. ಚಂಪಾಳಂಥ ಮಕ್ಕಳಿಗೆ ಸರ್ಕಾರ ದೂರದಲ್ಲಿ ಆಸರೆ ಮನೆ ಕಟ್ಟಿಸಿದೆ. ಅಲ್ಲಿಗೆ ಕಳಿಸಿದರೆ ಎಲ್ಲ ಖರ್ಚೂ ಸರ್ಕಾರದ್ದು. ಮನೆಯಲ್ಲಿಟ್ಟುಕೊಂಡರೆ ಮಾತ್ರ ಚಿಕ್ಕಾಸೂ ಇಲ್ಲ. ಕೇಳಿಕೆಯ ದಿನ ಆಸರೆ ಮನೆಯ ಗಾಡಿ ಬಂದು ಪುರಭವನದ ಪಕ್ಕದಲ್ಲಿ ನಿಲ್ಲುತ್ತದೆ. ಸಾಕಾದವರು ಮಕ್ಕಳನ್ನು ಅದರಲ್ಲಿ ಮಲಗಿಸಿ ಬರುತ್ತಾರೆ. ಅವರನ್ನು ನಾವು ಯಾರೂ ಬೈಯುವುದಿಲ್ಲ.

ಊರಿನಲ್ಲಿ ಇಂಥ ಮಕ್ಕಳಿರುವ ಮನೆಗಳು ಹತ್ತಾರಿವೆ. ತಾಯಂದಿರು ಒಬ್ಬರ ಮಗುವಿಗೆ ಇನ್ನೊಬ್ಬರು ಕೇಳಿ ನೋಡಿದ್ದರು. ಶುರುವೇನೋ ಚೆನ್ನಾಗಿಯೇ ಆಗುತ್ತಿತ್ತು. ಎರಡು ಮಾತಾಡುವಷ್ಟರಲ್ಲಿ ತನ್ನ ಮಗುವಿನ ಮುಖ ಕಣ್ಣೆದುರು ಬಂದು ದನಿ ಉಡುಗುತ್ತಿತ್ತು. ಗಂಟಲನ್ನು ಯಾಮಾರಿಸಲಾಗದು, ಮನಸ್ಸು ಎಲ್ಲಿದೆಯೆಂದು ಅದಕ್ಕೆ ಗೊತ್ತು. ಹೋದ ವರ್ಷ ನನ್ನ ಕಸುಬಿನವನೇ ಒಬ್ಬ ಇವರ ಪರ ನಿಂತಿದ್ದ. "ಆಸರೆ ಮನೆ ಇದೆಯಲ್ಲ, ಅಲ್ಲಿಗೆ ಕಳಿಸೋಕೆ ಏನು ತೊಂದರೆ?" ಎಂದು ಅಧಿಕಾರಿ ಕೇಳಿದ್ದಕ್ಕೆ ಅವನು ಬಿಟ್ಟಕಣ್ಣು ಬಿಟ್ಟನಂತೆ. ಆ ಮಕ್ಕಳ ಬಗ್ಗೆ ಅವನಿಗೆ ಒಂದು ಅಕ್ಷರ ಗೊತ್ತಿದ್ದರೆ ತಾನೇ?

"ಆಗ್ಲಿ, ಕೇಳ್ತೀನಿ" ಎಂದೆ. "ಏನೇನು ಬೇಕು ಹೇಳು."

ನನ್ನ ಪ್ರಶ್ನೆಗೆ ಅವಳು ಉತ್ತರ ಹೇಳುವಂತಿರಲಿಲ್ಲ, ಅದು ನನಗೆ ಮರೆತಿತ್ತು. ಅವಳು ಮಗುವನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಿಸಿಕೊಂಡಳು. ಆಮೇಲೆ, "ಇವಳು ಹತ್ತು ಗಂಟೆಗೆ ಗಂಜಿ ಕುಡೀತಾಳೆ" ಎಂದಳು. "ನಮ್ಮನೆ ಬಾಗಿಲು ತೆಗ್ದೇ ಇರುತ್ತೆ."

ಹೋಗಿ ನೋಡಿದೆ. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಮಗುವನ್ನು ಎದೆಗೆ ಒರಗಿಸಿಕೊಂಡು, ಚಮಚವನ್ನು ಕೆಳತುಟಿಗೆ ಮುಟ್ಟಿಸಿ ಅವಳು ಕಾಯುತ್ತಿದ್ದಳು. ಬಾಯಿ ತೆರೆಯಬೇಕು, ಗಂಜಿ ಒಳಗೆ ಹೋಗಬೇಕು, ನುಂಗಿದ್ದು ಕುತ್ತಿಗೆಯಲ್ಲಿ ಕಾಣಬೇಕು, ಆಮೇಲೆ ಇನ್ನೊಂದು ಚಮಚ. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಬಿಸಿಲು ನಡುಮನೆಯಿಂದ ಹೊಸ್ತಿಲಿಗೆ ಸರಿದಿತ್ತು. ಆಮೇಲೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬಟ್ಟೆ ಬದಲಿಸಬೇಕು. ಅಷ್ಟರಲ್ಲಿ ಮತ್ತೆ ಗಂಜಿಯ ಹೊತ್ತು. ನಡುವೆ ಯಾರದೋ ರವಿಕೆಗೆ ಕಾಜಾ ಮಾಡುತ್ತಾಳೆ. ಒಂದು ತೋಳನ್ನು ಭುಜದಿಂದ ಮೇಲೆತ್ತಲು ಅವಳಿಗೆ ಆಗುತ್ತಲೇ ಇರಲಿಲ್ಲ. ರುದ್ರೇಶ ರಾತ್ರಿಪಾಳಿ ಮುಗಿಸಿ ಬಂದವನು ನಿದ್ದೆಗಣ್ಣಿನಲ್ಲೇ ಮಗುವನ್ನು ಎತ್ತಿ ಸ್ನಾನಕ್ಕೆ ಒಯ್ದ. ನನಗೆ ನಮಸ್ಕಾರ ಹೇಳಿದ್ದೂ ಅವನಿಗೆ ನೆನಪಿರಲಿಕ್ಕಿಲ್ಲ.

ಒಂದು ದಿನ ನೋಡಿದರೆ ಸಾಕು ಎಂದುಕೊಂಡಿದ್ದವನು ದಿನಾ ಹೋಗತೊಡಗಿದೆ. ಅಧಿಕಾರಿ ಯಾವ ಮೂಲೆಯಿಂದ ಪ್ರಶ್ನೆ ಎಸೆದರೂ ಹಿಡಿಯುವಂತಿರಬೇಕು ಎಂಬ ಹಟ. ಒಮ್ಮೆ ಮಗುವಿಗೆ ಫಿಟ್ಸ್ ಬಂದಾಗ ನಾನು ಎದ್ದು ಅವಳ ಕೈಗೆ ಹಿಡಿಸಲು ಕಬ್ಬಿಣದ ಬೀಗದಕೈ ಹುಡುಕಿದೆ. ದಾಕ್ಷಾಯಣಿ ಅಂಥಾ ಹೊತ್ತಿನಲ್ಲೂ ನಕ್ಕುಬಿಟ್ಟಳು. "ಬೀಗ ಎಲ್ಲಿದೆ ಅಂತ ಬೀಗದಕೈ ಹುಡುಕ್ತೀರಿ ಭದ್ರಣ್ಣ? ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಟವಲ್ಲು ಇಟ್ಟು, ಕಾಯೋದು. ಅಷ್ಟೇ." ಇನ್ನೊಂದು ದಿನ ಅವಳು ಒಲೆಯ ಮೇಲಿನ ಹಾಲು ಉಕ್ಕಿತೆಂದು ಓಡಿದಾಗ ಚಮಚ ನನ್ನ ಕೈಗೆ ಬಂತು. ಕೆಳತುಟಿಗೆ ಮುಟ್ಟಿಸಿ ಕಾದೆ. ಚಂಪಾ ನನ್ನ ಮುಖವನ್ನೇ ನೋಡಿದಳು, ಇವನು ನಂಬಿಕಸ್ಥನೋ ಅಲ್ಲವೋ ಎಂದು ಅಳೆಯುವಂತೆ. ಆಮೇಲೆ ಬಾಯಿ ತೆರೆದಳು. ಗಂಜಿ ಇಳಿದದ್ದು ಕುತ್ತಿಗೆಯಲ್ಲಿ ಕಂಡಿತು. ಎಷ್ಟೋ ಸಭೆಗಳಲ್ಲಿ ಚಪ್ಪಾಳೆ ಹೊಡೆಸಿಕೊಂಡವನು ನಾನು, ಅಂಥ ಸಂತೋಷ ಎಂದೂ ಆಗಿರಲಿಲ್ಲ. ಪಕ್ಕದಲ್ಲಿ ದಿನಾ ಇಡುತ್ತಿದ್ದ, ನಾನು ದಿನಾ ಮುಟ್ಟದೆ ಬಿಡುತ್ತಿದ್ದ ಮಜ್ಜಿಗೆಯ ಲೋಟವನ್ನು ಎತ್ತಿ ಗಟಗಟ ಕುಡಿದೆ. ಕುಡಿದಿದ್ದೇನೆಂದು ಗೊತ್ತಾದದ್ದು ಲೋಟ ಖಾಲಿಯಾದ ಮೇಲೆ.

ಚಂಪಾ ಬೇಕಾದ್ದನ್ನು ತಾನೇ ಕೇಳುತ್ತಿದ್ದಳು. ನಮ್ಮೂರಿನ ಕಟ್ಟು ಮಾತಿಗೆ ಮಾತ್ರ. ಮಾತು ಕಲಿಯದವರಿಗೆ ಅದು ಇಲ್ಲ. ಬೇಕೆಂದರೆ ಮೂಗಿನಲ್ಲಿ ಊಂ ಎಂದು ಎಳೆಯುತ್ತಿದ್ದಳು, ಸಾಕೆಂದರೆ ಕಣ್ಣು ಮುಚ್ಚುತ್ತಿದ್ದಳು. ಊರಿಗೆಲ್ಲ ಇಲ್ಲದ ಸ್ವಾತಂತ್ರ್ಯ ಈ ಹುಡುಗಿಗೆ ಇದೆಯಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ನಾನು ಹೊರಟು ನಿಂತರೆ ಅವಳು ಊಂ ಎನ್ನಲು ಶುರುಮಾಡಿದಳು. ಹಾಗಾಗಿ ಹೊರಡುವುದು ತಡವಾಗುತ್ತಿತ್ತು.

ಕೇಳಿಕೆಯ ದಿನ ಹತ್ತಿರವಾದಂತೆ ದಾಕ್ಷಾಯಣಿ ಮಾತು ಕಡಿಮೆ ಮಾಡಿದಳು. ಒಂದು ಮಧ್ಯಾಹ್ನ ಚಂಪಾಳ ಬಟ್ಟೆಗಳನ್ನೆಲ್ಲ ಮಡಿಸಿ ಒಂದು ಚೀಲಕ್ಕೆ ತುಂಬುತ್ತಿದ್ದಳು. ಅವಳೇ ಹೇಳಿದಳು. "ಮೊನ್ನೆ ಇವಳನ್ನ ಎತ್ಕೊಂಡು ಬಚ್ಚಲಿಗೆ ಹೋಗ್ವಾಗ ಕೈ ಸೋತುಹೋಯ್ತು ಭದ್ರಣ್ಣ. ಬೀಳಿಸಿಬಿಡ್ತಿದ್ದೆ. ಈ ಸಲ ಏನೂ ಆಗ್ಲಿಲ್ಲ ಅಂದ್ರೆ ಗಾಡೀಲಿ ಕಳಿಸ್ತೀವಿ. ಇವರೂ ಹೂಂ ಅಂದಿದಾರೆ. ನನ್ನ ಕೈಯಿಂದ ಬಿದ್ದು ಸಾಯೋದಕ್ಕಿಂತ ಅಲ್ಲಿ ಎಲ್ಲೋ ಒಂದು ಮೂಲೇಲಿ ಬದುಕಿರ್ಲಿ."

ಅಲ್ಲಿ ಗಂಜಿ ಕುಡಿಸುವವರು ನುಂಗುವವರೆಗೆ ಕಾಯುತ್ತಾರೆಯೇ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಎದ್ದು ಬಂದುಬಿಟ್ಟೆ.

ಅವತ್ತೇ ಸಂಜೆ ಔಷಧಿ ಅಂಗಡಿಗೆ ಹೋದೆ. ಚಂಪಾಳ ಫಿಟ್ಸ್ ಔಷಧಿಯನ್ನು ಅವರ ಪರವಾಗಿ ನಾನೇ ಕೇಳಿ ತರುವುದು ರೂಢಿಯಾಗಿತ್ತು. ಬಾಯಿ ತೆರೆದೆ, ದನಿ ಒಡೆದು ಅರ್ಧ ಮಾತ್ರ ಬಂತು. ಕೆಮ್ಮಿದೆ, ಗಂಟಲು ಸರಿಮಾಡಿಕೊಂಡೆ, ಹೇಗೋ ಹೇಳಿದೆ. "ಶೀತ ಆಗಿದೆಯಾ ಭದ್ರಣ್ಣ?" ಎಂದ ಅಂಗಡಿಯವನು. "ಹೂಂ ಕಣಯ್ಯ, ಶೀತ" ಎಂದೆ. ಮನೆಗೆ ಬಂದು ಮೆಣಸಿನ ಕಷಾಯ ಮಾಡಿ ಕುಡಿದೆ. ಶೀತವಲ್ಲ ಎಂದು ಗೊತ್ತಿದ್ದೂ ಕುಡಿದೆ.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅವರ ಮನೆಗೆ ಹೋಗುವುದನ್ನು ಬಿಟ್ಟೆ. ದನಿ ಬರಬೇಕೆಂದರೆ ನಾನು ಮತ್ತೆ ಹೊರಗಿನವನಾಗಬೇಕಿತ್ತು. ಹತ್ತು ಗಂಟೆಯಾದರೆ ಕಾಲು ತಾನಾಗಿ ಆ ಬೀದಿಗೆ ತಿರುಗುತ್ತಿತ್ತು. ಅದನ್ನು ಎಳೆದುಕೊಂಡು ಊರಾಚೆಯ ಇಟ್ಟಿಗೆ ಗೂಡಿನವರೆಗೆ ನಡೆಯುತ್ತಿದ್ದೆ. ಕಂಡವರ ಮಗು, ನನಗೇನಾಗಬೇಕು ಎಂದು ಬಾಯಿಪಾಠ ಮಾಡುತ್ತಿದ್ದೆ. ಈಗ ಗಂಜಿ ಸೋಸುತ್ತಿರುತ್ತಾಳೆ, ಈಗ ಮಗ್ಗುಲು ಬದಲಿಸುವ ಹೊತ್ತು ಎಂದು ಮನಸ್ಸು ತನ್ನ ಪಾಡಿಗೆ ಹೇಳಿಕೊಳ್ಳುತ್ತಲೇ ಇತ್ತು. ಬೇರೆ ಬಾಯಿಯವನಿಗೆ ಒಪ್ಪಿಸಿಬಿಡೋಣವೆಂದು ಹೊರಟೆ. ಅವನಿಗೆ ಕಲಿಸಬೇಕೆಂದರೆ ಅವನನ್ನೂ ಆ ಮನೆಯಲ್ಲಿ ಕೂರಿಸಬೇಕು. ಕೂರಿಸಿದರೆ ಅವನ ಗತಿಯೂ ಇಷ್ಟೇ. ಗೊತ್ತಿಲ್ಲದವನು ಕೇಳಿದರೆ ಪ್ರಯೋಜನವಿಲ್ಲ, ಗೊತ್ತಾದವನಿಗೆ ಕೇಳಲಾಗದು. ಅರ್ಧ ದಾರಿಯಿಂದ ವಾಪಸ್ ಬಂದೆ.

ದಾಕ್ಷಾಯಣಿಯೇ ಹುಡುಕಿಕೊಂಡು ಬಂದಳು. "ಅವಳು ಸರಿಯಾಗಿ ಕುಡೀತಿಲ್ಲ" ಎಂದಳು. "ಬಾಗಿಲ ಕಡೆ ನೋಡ್ತಾ ಮಲಗಿರ್ತಾಳೆ."

"ಕೆಲಸ ಇತ್ತಮ್ಮ" ಎಂದೆ.

ಅವಳು ಸೆರಗು ಹೊದ್ದುಕೊಂಡು ಹೋದಳು.

ಕೇಳಿಕೆಯ ದಿನ ಪುರಭವನ ತುಂಬಿತ್ತು. ಹೊರಗೆ ಆಸರೆ ಮನೆಯ ಗಾಡಿ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಚಂಪಾಳ ಬಟ್ಟೆಯ ಚೀಲ ಹಿಡಿದು ರುದ್ರೇಶ ಗೋಡೆಗೆ ಒರಗಿದ್ದ. ಅಧಿಕಾರಿ ಕನ್ನಡಕ ಒರೆಸಿಕೊಂಡು, ಕೇಳದ್ದನ್ನು ಕೊಡುವ ಅಧಿಕಾರ ತಮಗಿಲ್ಲ ಎಂಬ ಮಾತನ್ನು ಹೇಳಿದರು. ಅವರು ಕೆಟ್ಟವರಲ್ಲ. ನಮ್ಮ ಊರಿನ ಗಂಟಲು ಅವರದ್ದಲ್ಲ, ಅಷ್ಟೇ. ಕೆರೆಯ ಹೂಳು, ಶಾಲೆಯ ಮಾಡು, ಸ್ಮಶಾನದ ದಾರಿ ಎಲ್ಲ ಆದವು. ನನ್ನ ಹೆಸರು ಕರೆದರು.

ಎದ್ದು ಮುಂದೆ ಹೋದೆ. ಯಾವ ಮಾತಿನಿಂದ ಶುರು ಮಾಡಬೇಕೆಂದು ಗೊತ್ತಿತ್ತು. ಪ್ರತಿ ಮನೆಗೆ ಹಗಲು ಒಬ್ಬ ಸಹಾಯಕಿ, ಮಗುವಿನ ಅಳತೆಗೆ ಮಾಡಿಸಿದ ಕುರ್ಚಿ, ಊರ ಆಸ್ಪತ್ರೆಯಲ್ಲೇ ಔಷಧಿ, ತಾಯಿಗೆ ತಿಂಗಳಲ್ಲಿ ಕೆಲವು ದಿನ ಬಿಡುವು. ಎಲ್ಲ ನಾಲಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ.

ಏನೂ ಬರಲಿಲ್ಲ.

"ಹೇಳಿ, ಬಾಯಿಯವರೇ" ಎಂದರು ಅಧಿಕಾರಿ. ಯಾರೋ ನೀರು ತಂದುಕೊಟ್ಟರು, ಕುಡಿದೆ. ಮತ್ತೆ ಬಾಯಿ ತೆರೆದೆ. ತುಟಿ ಆಡುತ್ತಿತ್ತು, ಸದ್ದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭದ್ರಯ್ಯನ ಬಾಯಿ ಬಿದ್ದುಹೋಯಿತು ಎಂದ ಇನ್ನೊಬ್ಬ. ನಾಚಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ನಾಚಿಕೆಗೆ ಜಾಗವೇ ಇರಲಿಲ್ಲ. ಹೊರಗಿನ ಗಾಡಿಯ ತೆರೆದ ಬಾಗಿಲು ಮಾತ್ರ ಕಣ್ಣಿಗೆ ಕಟ್ಟಿತ್ತು. ನಾನು ಆ ಮಗುವನ್ನು ನನ್ನದು ಮಾಡಿಕೊಂಡು ಅದರ ಬಾಯಿಗೆ ಮಣ್ಣು ಹಾಕಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

"ಸರಿ, ಮುಂದಿನವರು" ಎಂದರು ಅಧಿಕಾರಿ.

ಆಗ ದಾಕ್ಷಾಯಣಿ ಚಂಪಾಳನ್ನು ಎತ್ತಿಕೊಂಡು ಎದ್ದು ಬಂದಳು. ನನ್ನ ಹತ್ತಿರ ನಿಂತು, ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ತೋಚಿರಲಿಲ್ಲ. ನನ್ನ ದನಿ ಯಾಕೆ ಹೋಯಿತೆಂದು ಅವಳಿಗೆ ಅರ್ಥವಾಯಿತು. ಚಂಪಾಳನ್ನು ನನ್ನ ತೋಳಿಗೆ ಕೊಟ್ಟು, ಕುತ್ತಿಗೆಯ ಕೆಳಗೆ ನನ್ನ ಕೈಯನ್ನು ಸರಿಯಾಗಿಟ್ಟು, ಅಧಿಕಾರಿಯ ಕಡೆಗೆ ತಿರುಗಿದಳು.

"ಸ್ವಾಮಿ, ಇವರಿಗೆ ಸಹಾಯ ಮಾಡ್ಬೇಕು" ಎಂದಳು.

ಅವಳ ದನಿ ಬಂದಿತ್ತು.

"ಇವರಿಗೇ? ಯಾಕಮ್ಮ?"

"ಇವರಿಗೆ ಐವತ್ತು ದಾಟಿದೆ. ಸೊಂಟ ನೋವಿದೆ, ಯಾರ ಹತ್ರಾನೂ ಹೇಳಲ್ಲ. ದಿನಾ ಬೆಳಿಗ್ಗೆ ಬಂದು ಮಗು ನೋಡ್ಕೊತಾರೆ. ಚಮಚ ತುಟಿಗೆ ಮುಟ್ಟಿಸಿ, ನುಂಗೋವರೆಗೂ ಕಾಯ್ತಾರೆ. ಒಂದು ಸಲಾನೂ ಅವಸರ ಮಾಡಿಲ್ಲ. ಹಗಲು ಹೊತ್ತು ಇವರ ಜೊತೆಗೆ ಒಂದು ಆಳು ಬೇಕು ಸ್ವಾಮಿ. ಮಗುವಿಗೆ ತಲೆ ಆನಿಸೋ ಅಂಥ ಕುರ್ಚಿ ಇದ್ರೆ ಇವರ ತೋಳಿಗೆ ಬಿಡುವು. ಔಷಧಿ ಇಲ್ಲೇ ಸಿಕ್ಕಿದ್ರೆ ಇವರು ಅಂಗಡಿಗೆ ಅಲೀಬೇಕಾಗಲ್ಲ. ನನ್ನ..." ಎಂದಳು, ದನಿ ಅಲ್ಲೇ ಕತ್ತರಿಸಿಹೋಯಿತು. ಅವಳು ಕಣ್ಣು ಮುಚ್ಚಿ, ತೆರೆದು, ನನ್ನನ್ನೇ ನೋಡಿದಳು. "ಇವರು ಬಿಡುವಿಲ್ದೆ ಸವೆದುಹೋಗ್ತಾರೆ. ತಿಂಗಳಲ್ಲಿ ನಾಕು ದಿನ ಇವರೂ ಕಾಲು ಚಾಚಿ ಮಲಗ್ಬೇಕು."

"ಆಸರೆ ಮನೆ ಇದೆಯಲ್ಲ?"

"ಅಲ್ಲಿಗೆ ಕಳಿಸಿದ್ರೆ ಇವರು ಊಟ ಬಿಡ್ತಾರೆ. ಆ ಮಗು ಮೊದಲೇ ಬಿಟ್ಟಿರುತ್ತೆ. ನಾಕು ದಿನ ಇವರು ಬರ್ಲಿಲ್ಲ ಅಂತ ಗಂಜಿ ಬಿಟ್ಟಿತ್ತು. ಅಲ್ಲಿಗೆ ಸುರಿಯೋ ದುಡ್ಡಲ್ಲಿ ಒಂದು ಪಾಲು ಇಲ್ಲಿಗೆ ಕೊಡಿ ಸಾಕು, ಎರಡು ಜೀವ ಉಳೀತದೆ."

ಅಧಿಕಾರಿ ಕನ್ನಡಕ ತೆಗೆದರು. "ಎಲ್ಲ ಸರಿ. ಮಗು ಯಾರದು?"

ದಾಕ್ಷಾಯಣಿ ತನ್ನದು ಎಂದರೆ ಕೇಳಿದ್ದೆಲ್ಲ ಅವಳದೇ ಆಗುತ್ತದೆ, ಮುಂದೆ ಒಂದಕ್ಷರ ಹೊರಡುವುದಿಲ್ಲ. ರುದ್ರೇಶ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ನಿಂತ. ದಾಕ್ಷಾಯಣಿ ನನ್ನ ತೋಳಿನಲ್ಲಿದ್ದ ಮಗಳನ್ನು ನೋಡಿದಳು. ಚಂಪಾ ಅವಳನ್ನು ನೋಡಲಿಲ್ಲ. ನನ್ನ ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು.

"ಇವರದು" ಎಂದಳು ದಾಕ್ಷಾಯಣಿ. "ಮಗು ಇವರದು ಸ್ವಾಮಿ."

ದನಿ ನಡುಗಲಿಲ್ಲ. ಇಡೀ ಸಭೆಗೆ ಕೇಳಿಸಿತು.

ಆಮೇಲೆ ಬೇರೆ ಮೂಲೆಯಿಂದ ಒಬ್ಬ ತಾಯಿ ಎದ್ದು ತನ್ನ ಪಕ್ಕದ ಮನೆಯ ಅಜ್ಜಿಯನ್ನು ತೋರಿಸಿ, ಇವರಿಗೂ ಸಹಾಯ ಬೇಕು, ಮಗು ಇವರದು ಎಂದಳು. ಇನ್ನೊಬ್ಬಳು ಹಾಲು ಹಾಕುವವಳ ಕೈಹಿಡಿದು ಎಳೆದು ತಂದಳು. ಎಲ್ಲರೂ ಮಾತಾಡಿದರು, ಕೆಲವರ ದನಿ ನಡುವೆ ನಿಂತಿತು, ಮತ್ತೆ ಬಂತು. ಆ ಗದ್ದಲ ಮುಗಿಯಲು ಮಧ್ಯಾಹ್ನವಾಯಿತು. ಇಂಥ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ, ಅವರು ಯಾರೇ ಆಗಲಿ, ಅವರಿಗಾಗಿ ಕೇಳಿದ್ದೆಲ್ಲ ಕೊಡಬೇಕೆಂದು ಅಧಿಕಾರಿ ಆದೇಶ ಮಾಡಿದರು. ಒಂದು ವರ್ಷದ ಮಟ್ಟಿಗೆ ಮಾತ್ರ, ಮುಂದಿನ ವರ್ಷ ಮತ್ತೆ ಕೇಳಬೇಕು ಎಂದೂ ಸೇರಿಸಿದರು. ಸರ್ಕಾರದವರು ಎಲ್ಲ ಕಡೆ ಒಂದೇ. ಗಾಡಿ ಖಾಲಿ ಹೋಗಲಿಲ್ಲ. ನೋಡಿಕೊಳ್ಳಲು ಹೊರಗಿನವರು ಯಾರೂ ಇಲ್ಲದ, ಹಾಗಾಗಿ ಯಾರನ್ನೂ ತೋರಿಸಿ ಕೇಳಲಾಗದ ಒಂದು ಮನೆಯ ಮಗು ಅದರಲ್ಲಿತ್ತು. ಮುಂದಿನ ವರ್ಷದೊಳಗೆ ಅಂಥ ಮನೆಗಳಿಗೆ ಯಾರನ್ನಾದರೂ ಒಯ್ದು ಕೂರಿಸಬೇಕು, ಗಂಜಿಯ ಹೊತ್ತಿಗೆ ಸರಿಯಾಗಿ, ಎಂದು ಅಲ್ಲೇ ತೀರ್ಮಾನಿಸಿದೆ.

ರುದ್ರೇಶ ಗಿರಣಿಗೆ ರಜೆ ಹೇಳಲು ಓಡಿದ. ನಾವು ಪುರಭವನದ ಮೆಟ್ಟಿಲ ಮೇಲೆ ಕೂತೆವು. ದಾಕ್ಷಾಯಣಿ ನನ್ನ ಕಡೆ ತಿರುಗಿದಳು.

"ನಾನು ಅವಳನ್ನ ಕೊಟ್ಬಿಟ್ನಾ ಭದ್ರಣ್ಣ?"

"ಇಲ್ಲ ಕಣವ್ವಾ" ಎಂದೆ. ಇದಕ್ಕೆ ದನಿ ಬಂತು. "ಕೊಡೋ ಹಾಗಿದ್ರೆ ಗಾಡಿಗೆ ಕೊಡ್ತಿದ್ದೆ. ನನಗೊಂದು ಪಾಲು ಹಾಕಿದೆ, ಅಷ್ಟೇ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು, ಕಂಬಕ್ಕೆ ತಲೆ ಆನಿಸಿ, ಸೆರಗು ಇನ್ನೂ ಬಾಯಿಗೆ ಒತ್ತಿಕೊಂಡಿರುವಂತೆಯೇ ನಿದ್ದೆ ಹೋದಳು. ಚಂಪಾ ನನ್ನ ತೋಳಿನಲ್ಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕೈ ಜೋಮು ಹಿಡಿಯಿತು, ಆಮೇಲೆ ಭುಜ ಸೆಳೆಯತೊಡಗಿತು. ಸಭೆ ಮುಗಿಸಿದವರು ಗುಂಪುಗುಂಪಾಗಿ ಮೆಟ್ಟಿಲಿಳಿದು ಹೋಗುತ್ತಿದ್ದರು, ಎಲ್ಲ ಪರಿಚಯದವರೇ. ಒಂದು ನಿಮಿಷ ಹಿಡಿದುಕೊಳ್ಳಿ ಎನ್ನಲು ಬಾಯಿ ತೆರೆದೆ. ದನಿ ಬರಲಿಲ್ಲ. ಇನ್ನೊಬ್ಬರು ಹೋದರು, ಮತ್ತೆ ಬಾಯಿ ತೆರೆದೆ. ಅವರು ಚಂಪಾಳ ಗಲ್ಲ ಮುಟ್ಟಿ, ಪಾಪ ಎಂದು ಹೇಳಿ ಹೋದರು. ಈ ಹೆಂಗಸು ಇಷ್ಟು ವರ್ಷ ಈ ಊರಿನ ನಡುವೆ ಹೀಗೆ ಕೂತಿದ್ದಳು. ಅವಳನ್ನು ಎಬ್ಬಿಸಲಿಲ್ಲ. ಕೈ ಬದಲಿಸಿ, ಮಗುವಿನ ಕುತ್ತಿಗೆ ಸರಿಮಾಡಿಕೊಂಡು ಕೂತೆ.